ಭಾವನ ಬಂಡೆ, ನನ್ನ ಚೌಕಾಶಿ

ನಮ್ಮ ಅಕ್ಕನ ಗಂಡನಷ್ಟು ಪುಕ್ಕಲು ಮನುಷ್ಯ ಇಡೀ ಹೈದರಾಬಾದಿನಲ್ಲಿಲ್ಲ! ಲಿಫ್ಟಿನಲ್ಲಿ ಕಣ್ಣು ಮುಚ್ಚುತ್ತಾರೆ. ಸ್ಟೂಲು ಹತ್ತಿ ಬಲ್ಬ್ ಹಾಕಿ ಎಂದರೆ ಪಕ್ಕದ ಮನೆಯ ಹುಡುಗನನ್ನು ಕರೆಯುತ್ತಾರೆ. ಆದರೆ ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದ ಈ ಭಾವ, ಮಣಿಕೊಂಡದ ಗುಡ್ಡದಲ್ಲಿ ಮಾತ್ರ ಕಡಿದಾದ ಬಂಡೆಗೆ ಹಲ್ಲಿಯ ಹಾಗೆ ಅಂಟಿಕೊಂಡಿರುತ್ತಾರೆ!

ಇಳಿದ ಮೇಲೆ ಇನ್ನೊಂದು ಪೂಜೆ. ಕೈ ಜಾರದಿರಲೆಂದು ಹಚ್ಚಿಕೊಂಡ ಬಿಳಿ ಪುಡಿಯ ಗುರುತು ಬಂಡೆಯ ಮೇಲೆ ಉಳಿಯಬಾರದಂತೆ. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆಯುತ್ತಾರೆ. "ಮನ್ಯಾಗ ಒಂದು ವಾಟಗಾ ತೊಳಿಯಂಗಿಲ್ಲ, ಗುಡ್ಡಾ ತೊಳೀತಾರ!" ಎನ್ನುತ್ತಾಳೆ ಅಕ್ಕ. ಒಮ್ಮೆ ಅವಳ ಬ್ರಷ್ಷೇ ಗುಡ್ಡಕ್ಕೆ ಹೋಗಿತ್ತು!

ಈಗ ನನ್ನ ಸಿಟ್ಟಿಗೆ ಬರುತ್ತೇನೆ. ಐಟಿ ಕಂಪನಿಗಳು ಬಂದದ್ದೇ ತಡ, ಸುತ್ತಲಿನ ಗುಡ್ಡಗಳನ್ನೆಲ್ಲ ಮದ್ದಿಟ್ಟು ಹಾರಿಸಿದರು. ಅಕ್ಕನ ಅಡುಗೆಮನೆಯ ಡಬ್ಬಿಗಳು ಕುಣಿದವು, ಯಾರಾದರೂ ಕೇಳಿದರೇ? ಉಳಿದ ಈ ಒಂದು ಗುಡ್ಡವನ್ನು ಸಂರಕ್ಷಿತ ಪ್ರದೇಶ ಮಾಡುತ್ತಾರಂತೆ. ಮಾಡಲಿ, ಪುಣ್ಯ ಬರಲಿ! ಆದರೆ ಮೊದಲ ನಿಯಮವೇ ಬಂಡೆ ಹತ್ತುವಂತಿಲ್ಲ ಎಂದು! ಬಂಡೆ ಸಿಡಿಸುವ ಮದ್ದಿಗೆ ಸ್ವಾಗತ, ಬರಿಗೈಗೆ ಬೇಲಿ. ಇದ್ಯಾವ ಊರ ನ್ಯಾಯ?

ಮೆಹದಿಪಟ್ಟಣಂನಲ್ಲಿ ಕಂಪನಿಗಳ ಹಳೆ ಕುರ್ಚಿ ಮಾರಿ ಮೇಲೆ ಬಂದವನು ನಾನು. ನಿಮಗೂ ಹೇಳಿರುತ್ತೇನೆ, ಕೇಳಿ: ಒಂದು ಬಂಡೆ ಬೇಕಾದರೆ ಇಡೀ ಗುಡ್ಡ ಕೇಳಬೇಕು. ಕೊಡದಿದ್ದರೆ ಎದ್ದು ಹೊರಡಬೇಕು. ಬಾಗಿಲು ದಾಟುವುದರೊಳಗೆ ಕರೆದೇ ಕರೆಯುತ್ತಾರೆ!

ಇಷ್ಟನ್ನು ಭಾವನಿಗೆ ಬಾಯಿಪಾಠ ಮಾಡಿಸಿ ಆ ನಿಯಮ ಮಾಡುವ ಅಧಿಕಾರಿಯ ಬಳಿ ಕರೆದೊಯ್ದೆ. ಇಡೀ ಗುಡ್ಡ ಕೇಳಿದರೆ ಆತ ಆಗುವುದಿಲ್ಲವೆಂದ. ಭಾವ ಎದ್ದರು. ಬಾಗಿಲು ದಾಟಿದರು. ನಾನು ಓಡಿಹೋಗಿ ನೋಡಿದರೆ ಬಸ್‌ಸ್ಟಾಪಿನಲ್ಲಿ ನಿಂತಿದ್ದಾರೆ!

"ಯಾರೂ ಕರೀಲೇ ಇಲ್ಲಲ್ಲೋ ತಮ್ಮಾ!"

"ಸಾವಕಾಶ ಹೋಗಬೇಕ್ರೀ ಭಾವ! ಕರಿಯಾಕ ಟೈಮ್ ಕೊಡಬೇಕ್ರೀ!"

ಎಳೆದು ತಂದು ಕೂರಿಸಿದೆ. ಬೈದೆ, ಹೊಗಳಿದೆ, ಮತ್ತೆ ಬೈದೆ. ಕೊನೆಗೆ ಅಧಿಕಾರಿ ಬೇಸತ್ತು ನಕ್ಷೆಯ ಮೇಲೆ ಬೆರಳಿಟ್ಟ: ಪಡುವಣ ದಿಕ್ಕಿನ ದೊಡ್ಡ ಬಂಡೆ ಹತ್ತಿಕೊಳ್ಳಿ, ನಾಳೆಯಿಂದಲೇ. ಭಾವನ ಮೆಚ್ಚಿನ ಬಂಡೆ! ನಾನು ಕುಣಿಯುವುದೊಂದು ಬಾಕಿ.

"ನಹೀ ಸಾಬ್," ಎಂದರು ಭಾವ.

ಅಲ್ಲಿ ಗೂಬೆ ಮೊಟ್ಟೆ ಇಟ್ಟಿದೆಯಂತೆ. ಮರಿ ಹಾರುವ ತನಕ ಆ ಕಡೆ ಯಾರನ್ನೂ ಬಿಡಬಾರದಂತೆ, ಅವರನ್ನೂ ಸೇರಿಸಿ! ಹಾಗಾದರೆ ಇಡೀ ಗುಡ್ಡ ಮುಚ್ಚುವುದೇ ಸರಿ ಎಂದು ಅಧಿಕಾರಿ ನಗುತ್ತ ನಕ್ಷೆ ಮಡಚಿದ.

ಆಟೋದಲ್ಲಿ ನಾನು ಕೆಂಡ. "ಒಂದು ಗೂಬಿ ಸಲುವಾಗಿ ಕೈಗೆ ಬಂದದ್ದು ಬಿಟ್ರೆಲ್ರೀ! ಸುಮ್ಮ ಕೂತಿದ್ರ ಏನಾಗ್ತಿತ್ತು?"

ಭಾವನ ಬೆರಳುಗಳು ಆಟೋದ ಸರಳಿನ ಮೇಲೆ ಹಿಡಿತ ಹುಡುಕುತ್ತಿದ್ದವು. "ನಾ ಮ್ಯಾಲ ಹತ್ತಿದ್ರ ತಾಯಿ ಎದ್ದು ಹೋಗ್ತೈತಿ. ಅದನ್ನ ತಿರುಗಿ ಯಾರು ಕರೀಬೇಕೋ ತಮ್ಮಾ?"



ಮರುದಿನ ಅಂಗಡಿ ತೆರೆಯಲಿಲ್ಲ. ಒಬ್ಬನೇ ಹೋಗಿ ಅದೇ ಅಧಿಕಾರಿಯ ಎದುರು ಕೂತೆ. ಮರಿ ಹಾರಿದ ಮೇಲಾದರೂ ಆ ಬಂಡೆ ಕೊಡಿ ಎಂದೆ. ಆಗಲ್ಲ, ಹೊರಡಿ ಎಂದ.

ಜೀವಮಾನವಿಡೀ ಎದ್ದು ಹೊರಟೇ ಗೆದ್ದವನು ನಾನು. ಅಂದು ಏಳಲಿಲ್ಲ.