ಸರಾಸರಿ ಮನೆಯ ಅಳಿಯ

ಸಂಶೋಧಕರ ಮನೆಯಲ್ಲಿ ಸರಾಸರಿ ಮನುಷ್ಯರು ಅಂತ ಒಬ್ಬರೂ ಇರಲಿಲ್ಲ. ಅದೇ ಅವರ ಬದುಕಿನ ದೊಡ್ಡ ಕೊರಗು.

ಹನ್ನೊಂದು ವರ್ಷಗಳಿಂದ ಅವರು ಕರೆಂಟಿನ ಮನೆಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಬೆಂಕಿಯಿಲ್ಲದ ಅಡುಗೆ, ಹೊಗೆಯಿಲ್ಲದ ಬಿಸಿನೀರು, ತಾರಸಿಯ ಮೇಲೆ ಬಿಸಿಲನ್ನು ಹಿಡಿದು ಕೆಳಗಿನ ಮನೆಗೆ ದುಡಿಸುವ ವಿದ್ಯೆ, ಇವುಗಳಲ್ಲಿ ಅವರನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ. (ಇದು ಅವರದೇ ಅಭಿಪ್ರಾಯ. ಆದರೆ ನಿಜವೂ ಹೌದು.) ಬೀದಿಯವರು ಅವರನ್ನು ಕರೆಯುತ್ತಿದ್ದದ್ದು ಯೂನಿಟ್ ಸಾಹೇಬ್ರು ಅಂತ. ದಾರಿಯಲ್ಲಿ ಸಿಕ್ಕವರು "ಮನೇಲಿ ಎಲ್ಲಾ ಹೇಗಿದಾರೆ?" ಎಂದು ಕೇಳಿದರೆ "ದಿನಕ್ಕೆ ಆರೂವರೆ ಯೂನಿಟ್" ಎಂದು ಉತ್ತರ ಕೊಟ್ಟು ಮುಂದೆ ಹೋಗುವ ಆಸಾಮಿ.

ಸರಾಸರಿ ಮನೆ ಇದ್ದದ್ದು ಅವರ ಕೋಣೆಯ ಕಂಪ್ಯೂಟರಿನೊಳಗೆ. ಅದರಲ್ಲಿ ನಾಲ್ಕು ಪಾಯಿಂಟ್ ಎರಡು ಜನ ವಾಸವಾಗಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಬಟ್ಟೆ ಒಗೆಯಿರಿ ಎಂದರೆ ಒಗೆಯುತ್ತಿದ್ದರು, ಹತ್ತಕ್ಕೆ ಸ್ನಾನ ಎಂದರೆ ಪಾಯಿಂಟ್ ಎರಡು ಕೂಡ ಸಾಲಿನಲ್ಲಿ ನಿಲ್ಲುತ್ತಿತ್ತು. ಎದುರು ಮಾತಿಲ್ಲ. ಮುಖ ಊದಿಸಿಕೊಳ್ಳುವುದಿಲ್ಲ. ಬಾಗಿಲು ದಢಾರನೆ ಹಾಕುವುದಿಲ್ಲ.

ಕಂಪ್ಯೂಟರಿನ ಹೊರಗಿನ ಮನೆಯ ಕಥೆ ಬೇರೆ. ಅಲ್ಲಿ ಹೆಂಡತಿ ಇದ್ದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಆಕೆ ಗಿರಾಕಿ ಬಂದಾಗ ಇಸ್ತ್ರಿ ಪೆಟ್ಟಿಗೆ ಹಚ್ಚುವವಳು, ಗಡಿಯಾರ ನೋಡುವವಳಲ್ಲ. ಜೊತೆಗೆ ಅತ್ತೆ, ಅಂದರೆ ಹೆಂಡತಿಯ ತಾಯಿ. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗವನ್ನು ಇಪ್ಪತ್ತೆಂಟು ವರ್ಷ ನಡೆಸಿ ನಿವೃತ್ತರಾದವರು. ಅಳಿಯ ಏನು ಹೇಳಿದರೂ "ಆಗ್ಲಿ ಅಳಿಯಂದ್ರೇ" ಎನ್ನುತ್ತಿದ್ದರು. ಆಮೇಲೆ ತಮಗೆ ಸರಿ ಕಂಡದ್ದನ್ನು ಮಾಡುತ್ತಿದ್ದರು.

ಆ ವರ್ಷ ನಗರಸಭೆಯ ಮುಂದೆ ಸಂಶೋಧಕರ ಯೋಜನೆ ಬಂದಿತ್ತು. ಊರಲ್ಲಿ ಹೊಸದಾಗಿ ಕಟ್ಟುವ ಪ್ರತಿ ಮನೆಯ ತಾರಸಿಗೂ ಸೋಲಾರ್, ಪ್ರತಿ ಅಡುಗೆಮನೆಗೂ ಕರೆಂಟ್ ಒಲೆ. ಹನ್ನೊಂದು ವರ್ಷದ ತಪಸ್ಸಿನ ಫಲ. ಅದನ್ನು ಪರಿಶೀಲಿಸುವ ಸಮಿತಿಯ ಅಧ್ಯಕ್ಷೆ ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಬಾಯಿ ತೆಗೀರಿ ಎಂದು ಹೇಳಿಯೇ ಅಭ್ಯಾಸವಾಗಿದ್ದ ಆಕೆಗೆ, ಮುಚ್ಚಿ ಎಂದು ಹೇಳಬೇಕಾಗಿ ಬಂದದ್ದು ಸಂಶೋಧಕರು ನೂರಾ ನಲವತ್ತನೆಯ ನಕ್ಷೆ ತೋರಿಸಲು ಹೊರಟಾಗಲೇ.

"ಲೆಕ್ಕ ಎಲ್ಲಾ ಚೆನ್ನಾಗಿದೆ ಸಾರ್. ಆದ್ರೆ ಮನುಷ್ಯರು ಬದುಕ್ತಾ ಇರೋ ಒಂದು ಮನೆ ತೋರಿಸಿ. ಅಡುಗೆ ಆಗ್ತಿರಬೇಕು, ಬಟ್ಟೆ ಒಣಗ್ತಿರಬೇಕು. ಅದನ್ನ ಕಣ್ಣಾರೆ ನೋಡಿದ್ರೆ ನಾವು ಸಹಿ ಹಾಕ್ತೀವಿ."

"ಯಾವುದೋ ಮನೆ ಯಾಕೆ? ನಮ್ಮನೆಗೇ ಬನ್ನಿ!" ಎಂದರು ಸಂಶೋಧಕರು. ಎರಡು ವಾರ ಬಿಟ್ಟು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಎಂದು ನಿಕ್ಕಿಯಾಯಿತು.

ಮನೆಗೆ ಬಂದವರೇ ಸಂಶೋಧಕರು ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದರು. ಮೇಲೆ ದಪ್ಪಕ್ಷರದಲ್ಲಿ 'ಗೃಹ ವಿದ್ಯುತ್ ಸಂವಿಧಾನ' ಎಂದಿತ್ತು.

ಹೆಂಡತಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. ಜಗಳಕ್ಕೆ ಬಾಯಿ ಖಾಲಿ ಬೇಕಲ್ಲ.

"ರೀ, ಏನ್ರೀ ಇದು? ಒಂಬತ್ತಕ್ಕೆ ಬಟ್ಟೆ, ಹತ್ತಕ್ಕೆ ನೀರು, ಹನ್ನೊಂದಕ್ಕೆ ಇಸ್ತ್ರಿ... ಗಿರಾಕಿ ನಾಲ್ಕು ಗಂಟೆಗೆ ಕೋಟು ತಂದ್ರೆ ನಾಳೆ ಹನ್ನೊಂದಕ್ಕೆ ಬನ್ನಿ ಅನ್ಲಾ?"

"ಅನ್ನು. ಸರಾಸರಿ ಗಿರಾಕಿ ಒಪ್ಕೋತಾನೆ."

"ನಿಮ್ಮ ಸರಾಸರಿ ಗಿರಾಕಿ ಇವತ್ತಿನವರೆಗೂ ನನ್ನ ಅಂಗಡಿಗೆ ಬಂದಿಲ್ಲ. ನಿಮ್ಮ ಸರಾಸರಿಯಲ್ಲಿ 'ಸರಿ' ಅನ್ನೋದು ಕೊನೇಲಿ ಮಾತ್ರ ಬರೋದು, ಅದೂ ಬಾಯಲ್ಲಿ!"

"ಏನೇ, ನನ್ನ ಹನ್ನೊಂದು ವರ್ಷದ ಕೆಲಸ ಇದು. ಎರಡು ವಾರ ಹೇಳಿದ ಹಾಗೆ ಕೇಳಕ್ಕಾಗಲ್ವಾ?"

ಈ ಮಾತು ಹೇಳುವಾಗ ಅವರ ದನಿ ಸ್ವಲ್ಪ ನಡುಗಿತು. ಹೆಂಡತಿಗೆ ಅದು ಕೇಳಿಸಿತು. ಅಂಥ ನಡುಕ ಅವಳು ಕೇಳಿದ್ದು ಬಹಳ ಅಪರೂಪ. "ಆಯ್ತು ಬಿಡಿ" ಎಂದು ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡಳು.

ಮರುದಿನ ಮನೆಗೆ ಹದಿನಾಲ್ಕು ಪುಟ್ಟ ಮೀಟರುಗಳು ಬಂದವು. ಒಂದೊಂದು ಪ್ಲಗ್ಗಿಗೂ ಒಂದೊಂದು. ಯಾವುದು ಎಷ್ಟು ಕರೆಂಟ್ ತಿಂದಿತು ಎಂದು ಹೇಳುವ ಸಾಕ್ಷಿಗಳು. ಹಜಾರದ ಗೋಡೆಗೆ ಬ್ಯಾಟರಿಯಲ್ಲಿ ನಡೆಯುವ ದೊಡ್ಡ ಪರದೆಯೊಂದು ಬಂತು. ಇಡೀ ಮನೆ ಹೊರಗಿನ ತಂತಿಯಿಂದ ಎಷ್ಟು ಎಳೆಯುತ್ತಿದೆ ಎಂಬುದು ಅದರಲ್ಲಿ ಕೆಂಪಕ್ಷರದಲ್ಲಿ ಓಡುತ್ತಿತ್ತು. ದಿನವೂ ಸಂಜೆ ಹದಿನಾಲ್ಕನ್ನೂ ಓದಿ ಬರೆದಿಡುವ ಕೆಲಸ ಹೆಂಡತಿಯ ಪಾಲಿಗೆ ಬಿತ್ತು. ಬೇರೆ ಪುಸ್ತಕ ಸಿಗದೆ ಅವಳು ಅಳತೆ ಪುಸ್ತಕದಲ್ಲೇ ಬರೆದಳು. ಎದೆಯ ಕೆಳಗೆ ಒಲೆ, ಸೊಂಟದ ಕೆಳಗೆ ವಾಷಿಂಗ್ ಮೆಷಿನ್, ತೋಳಿನ ಕೆಳಗೆ ಇಸ್ತ್ರಿ.

"ಅಳಿಯಂದ್ರೇ, ಒಂದು ಮಾತು," ಎಂದರು ಅತ್ತೆ ಮೂರನೆಯ ದಿನ. "ಒಂಬತ್ತಕ್ಕೆ ಬಟ್ಟೆ ಬೇಡ ಅನ್ಸುತ್ತೆ. ಪಕ್ಕದ ಮನೆ ನೀರಿನ ಟ್ಯಾಂಕಿನ ನೆರಳು ಹತ್ತೂವರೆ ತನಕ ನಮ್ಮ ತಾರಸಿ ಮೇಲೇ ಇರುತ್ತೆ."

"ಅತ್ತೆ, ಲೆಕ್ಕದಲ್ಲಿ ನೆರಳಿಗೂ ಜಾಗ ಕೊಟ್ಟಿದೀನಿ. ಶೇಕಡಾ ಎಂಟು."

"ಹೌದಾ? ಆ ಟ್ಯಾಂಕಿಗೆ ಗೊತ್ತಾ ಇದು?"

ಅದು ತಮಾಷೆಯೋ ಅಲ್ಲವೋ ಎಂದು ಮುಖ ನೋಡಿದರೆ, ಅತ್ತೆಯ ಮುಖದಲ್ಲಿ ಭಕ್ತಿಯ ಹೊರತು ಬೇರೇನೂ ಇರಲಿಲ್ಲ. ಅವರು ಒಂಬತ್ತಕ್ಕೇ ಬಟ್ಟೆ ಹಾಕಿದರು. ಈ ಸಲ ನಿಜವಾಗಿಯೂ ಹೇಳಿದಂತೆ ಕೇಳಿದರು. ಅದೇ ಅಪಾಯದ ಸೂಚನೆ ಎಂಬುದು ಸಂಶೋಧಕರಿಗೆ ಹೊಳೆಯಲಿಲ್ಲ.

ಶನಿವಾರ ಹನ್ನೊಂದಕ್ಕೆ ಸರಿಯಾಗಿ ಅಧ್ಯಕ್ಷೆ ಇಬ್ಬರು ಸದಸ್ಯರೊಂದಿಗೆ ಬಂದಿಳಿದರು. ಬಿಸಿಲು ಹದವಾಗಿತ್ತು. ಸಂಶೋಧಕರ ಮುಖದಲ್ಲಿ ಅದಕ್ಕಿಂತ ಹೆಚ್ಚು ಬೆಳಕಿತ್ತು.

"ಮಾನ್ಯರೇ, ಕರೆಂಟಿನ ಮನೆ ಅಂದ್ರೆ ಕಷ್ಟದ ಮನೆ ಅನ್ನೋ ಮೂಢನಂಬಿಕೆ ಇದೆ. ಅದನ್ನ ಈ ಕ್ಷಣ ಸಮಾಧಿ ಮಾಡ್ತೀನಿ. ಈ ಮನೇಲಿ ಏನು ಬೇಕಾದ್ರೂ, ಯಾವಾಗ ಬೇಕಾದ್ರೂ, ಎಲ್ಲಾ ಒಟ್ಟಿಗೆ ನಡೆಸಬಹುದು!"

"ರೀ, ಒಟ್ಟಿಗೆ ಬೇಡ..." ಎಂದಳು ಹೆಂಡತಿ.

"ಒಟ್ಟಿಗೆ!" ಎಂದು ಗುಡುಗಿ ಸಂಶೋಧಕರು ಯುದ್ಧಕ್ಕೆ ಹೊರಟ ಸೇನಾಪತಿಯಂತೆ ಮನೆಯೊಳಗೆ ನುಗ್ಗಿದರು. ವಾಷಿಂಗ್ ಮೆಷಿನ್ ಬಿಸಿನೀರಿನ ಗುರುತಿಗೆ ತಿರುಗಿತು. ಇಂಡಕ್ಷನ್ ಒಲೆಯ ಎರಡೂ ಕಣ್ಣು ಕೆಂಪಾದವು. ನೀರು ಕಾಯಿಸುವ ಯಂತ್ರ ಗುಂಯ್ ಎಂದಿತು. ಕೊನೆಗೆ ಹೊಲಿಗೆ ಕೋಣೆಗೆ ಹೋಗಿ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚನ್ನು ತಾವೇ ಒತ್ತಿದರು.

ಟಪ್.

ಮನೆ ಒಮ್ಮೆಲೇ ಮೌನವಾಯಿತು. ಮೆಷಿನ್ ಅರ್ಧ ಸುತ್ತಿಗೆ ನಿಂತಿತು. ಫ್ಯಾನು ಸೋತು ಸೋತು ನಿಂತಿತು. ಬ್ಯಾಟರಿಯ ಪರದೆಯಲ್ಲಿ ಕೆಂಪಂಕಿ ಇಳಿದು ಇಳಿದು ದುಂಡಗಾಯಿತು.

ಸಂಶೋಧಕರು ಬೆನ್ನ ಹಿಂದೆ ಏನಾಯಿತೆಂದು ನೋಡದೆ ಪರದೆಯತ್ತ ಕೈ ಚಾಚಿದರು. "ನೋಡಿ! ಹೊರಗಿನಿಂದ ಎಳೀತಿರೋದು ಎಷ್ಟು? ಸೊನ್ನೆ! ಪರಿಪೂರ್ಣ ಸೊನ್ನೆ!"

"ಸಾರ್," ಎಂದರು ಅಧ್ಯಕ್ಷೆ, ಹಲ್ಲು ಕೀಳುವ ಮುಂಚಿನ ಮೃದುವಾದ ದನಿಯಲ್ಲಿ, "ಎಲ್ಲಾ ಆಫ್ ಆಗಿದೆ."

ಮೇನ್ ಸ್ವಿಚ್ ಬಿದ್ದಿತ್ತು. ಸಂಶೋಧಕರು ಹೋಗಿ ಎತ್ತಿದರು. ಟಪ್. ಇನ್ನೊಮ್ಮೆ ಎತ್ತಿದರು. ಟಪ್. ಹನ್ನೊಂದು ವರ್ಷ ತಮ್ಮ ಮಾತಿಗೆ ತಲೆದೂಗಿದ ವಿದ್ಯುಚ್ಛಕ್ತಿ ಇವತ್ತು ಮೂರು ಜನರೆದುರು ಮುಖಕ್ಕೆ ಹೊಡೆದಂತೆ ಎದುರಾಡುತ್ತಿತ್ತು. ಅವರ ಕಿವಿಗಳು ಬಿಸಿಯಾದವು. (ಕರೆಂಟಿಲ್ಲದೆ ಆ ಮನೆಯಲ್ಲಿ ಬಿಸಿಯಾದದ್ದು ಅವೆರಡೇ.)

ಆಗ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಅಳಿಯಂದ್ರೇ, ನೀವು ಸ್ವಲ್ಪ ಕೂತ್ಕೊಳ್ಳಿ. ಲೇ, ಇಸ್ತ್ರಿ ತೆಗಿ. ಒಲೆ ಎರಡೂ, ನೀರು ಕಾಯಿಸೋದೂ ಆರಿಸು. ಹೂಂ, ಈಗ ಎತ್ತು ಸ್ವಿಚ್ಚು."

ಸ್ವಿಚ್ ನಿಂತಿತು. ಮೆಷಿನ್ ಮತ್ತೆ ತಿರುಗಿತು.

"ಇದು ಈಗ ನೀರು ಬಿಸಿ ಮಾಡ್ಕೊಳ್ತಿದೆ," ಎಂದರು ಅತ್ತೆ ಅಧ್ಯಕ್ಷೆಯತ್ತ ತಿರುಗಿ. "ಇಪ್ಪತ್ತು ನಿಮಿಷ ಇದಕ್ಕೆ ಹಸಿವು ಜಾಸ್ತಿ. ಆಗ ಬೇರೆ ಯಾರನ್ನೂ ಪಂಕ್ತಿಗೆ ಕೂರಿಸಬಾರ್ದು. ಆಮೇಲೆ ಬರೀ ತಿರುಗುತ್ತೆ, ಅದಕ್ಕೆ ಏನೂ ಬೇಡ. ಆಗ ಒಲೆ ಹಚ್ಚೋದು. ಕಾಳು ಕುದಿ ಬಂದ ಮೇಲೆ ಮುಚ್ಚಳ ಹಾಕಿ, ಪಾತ್ರೆ ಇಳಿಸಿ, ದಪ್ಪ ಬಟ್ಟೆ ಸುತ್ತಿಟ್ರೆ ಅದರ ಪಾಡಿಗೆ ಬೇಯುತ್ತೆ. ಒಲೆ ಖಾಲಿ ಆಯ್ತಲ್ಲ, ಆಗ ಇವಳ ಇಸ್ತ್ರಿ. ಆಸ್ಪತ್ರೇಲಿ ಆರು ಮೆಷಿನ್ನಿಗೆ ಒಂದೇ ಬಾಯ್ಲರು. ಎರಡು ಒಟ್ಟಿಗೆ ಹಚ್ಚಿದ್ರೆ ಆಪರೇಷನ್ನಿಗೆ ಬಟ್ಟೆ ಇರ್ತಿರ್ಲಿಲ್ಲ."

ಅತ್ತೆ ಮನೆಯಿಡೀ ಓಡಾಡುತ್ತ ಒಂದಾದ ಮೇಲೊಂದು ನಡೆಸಿದರು. ಅಧ್ಯಕ್ಷೆ ಅವರ ಹಿಂದೆಯೇ ನಡೆದರು. ಸದಸ್ಯರಲ್ಲಿ ಒಬ್ಬರು ಪಾತ್ರೆ ಸುತ್ತಿದ ಬಟ್ಟೆಯನ್ನು ಮುಟ್ಟಿ ನೋಡಿ, ಮತ್ತೊಬ್ಬರನ್ನು ಕರೆದು ಮುಟ್ಟಿಸಿದರು. ಮುಕ್ಕಾಲು ಗಂಟೆಯಲ್ಲಿ ಬಟ್ಟೆ ಹಗ್ಗದ ಮೇಲಿತ್ತು, ಅಡುಗೆ ಮುಗಿದಿತ್ತು, ಗಿರಾಕಿಯ ಕೋಟು ಗರಿಗರಿಯಾಗಿ ತೂಗುತ್ತಿತ್ತು. ಪರದೆಯಲ್ಲಿ ಮತ್ತೆ ಸೊನ್ನೆ. ಈ ಸಲ ಫ್ಯಾನು ತಿರುಗುತ್ತಿತ್ತು.

"ದಿನಾ ಹೀಗೇ ಮಾಡ್ತೀರಾ?" ಎಂದು ಕೇಳಿದರು ಅಧ್ಯಕ್ಷೆ.

"ಮಾಡ್ತಿದ್ದೆ. ಈ ಎರಡು ವಾರ ಅಳಿಯಂದ್ರ ಸಂವಿಧಾನ ಇತ್ತಲ್ಲ," ಎಂದರು ಅತ್ತೆ ವಿನಯದಿಂದ. "ಬಾಗಿಲ ಮೀಟರನ್ನ ದಿನಾ ಬೆಳಿಗ್ಗೆ ನೋಡೋದು ನನ್ನ ಹಳೇ ಚಾಳಿ. ಮೊದಲು ಆರೂವರೆ ಇತ್ತು. ಸಂವಿಧಾನ ಬಂದ ಮೇಲೆ ಎಂಟೂವರೆ."

ಸಂಶೋಧಕರು ಎದ್ದು ನಿಂತರು. ಅಂಕಿಯ ವಿಷಯದಲ್ಲಿ ಸೋಲುವುದು ಅವರ ರಕ್ತದಲ್ಲಿರಲಿಲ್ಲ. "ಸಾಧ್ಯವಿಲ್ಲ! ಈ ಮನೇಲಿ ಯಾರೋ ಎಲ್ಲೋ ಪೋಲು ಮಾಡ್ತಿದಾರೆ. ಹದಿನಾಲ್ಕು ಮೀಟರ್ ಸುಳ್ಳು ಹೇಳಲ್ಲ. ಏನೇ, ತಾ ನಿನ್ನ ಪುಸ್ತಕ, ಓದು ಎಲ್ಲರ ಎದುರಿಗೆ!"

"ಓದ್ಲಾ?" ಎಂದಳು ಹೆಂಡತಿ.

"ಓದು!"

"ಬೇಡ ಅಂತಿದೀನಿ..."

"ಮೀಟರ್ ಇದ್ರೆ ಓದು!"

ಹೆಂಡತಿಗೆ ಮೀಟರ್ ಇತ್ತು. ಕನ್ನಡಕ ಏರಿಸಿ ಓದತೊಡಗಿದಳು. "ಎರಡು ವಾರದ್ದು. ಎದೆ... ಅಲ್ಲ, ಒಲೆ, ಹತ್ತೊಂಬತ್ತು ಯೂನಿಟ್. ವಾಷಿಂಗ್ ಮೆಷಿನ್ ಹದಿಮೂರು. ನನ್ನ ಇಸ್ತ್ರಿ ಹನ್ನೊಂದು. ಅಮ್ಮನ ಕೋಣೆ ಅರ್ಧ. ಹದಿನಾಲ್ಕನೇ ಪ್ಲಗ್ಗು, ನಿಮ್ಮ ಕೋಣೆ ಕಂಪ್ಯೂಟರು," ಇಲ್ಲಿ ಅವಳು ನಿಲ್ಲಿಸಿ ಗಂಡನನ್ನು ನೋಡಿದಳು, "ಎಂಬತ್ತೊಂದು."

ಸರಾಸರಿ ಮನೆಯ ನಾಲ್ಕು ಪಾಯಿಂಟ್ ಎರಡು ಜನ ಒಗೆದದ್ದು, ಮಿಂದದ್ದು, ಉಳಿತಾಯ ಮಾಡಿದ್ದು ಎಲ್ಲವೂ ಆರು ವರ್ಷದಿಂದ ಹಗಲಿರುಳು ಓಡುತ್ತಿದ್ದ ಆ ಯಂತ್ರದೊಳಗೆ. ನಿಜವಾದ ಮನೆಯ ಒಲೆ, ಒಗೆತ, ಇಸ್ತ್ರಿ ಮೂರನ್ನೂ ಕೂಡಿಸಿದರೂ ಆ ಕಾಲ್ಪನಿಕ ಸಂಸಾರದ ಖರ್ಚಿನ ಹತ್ತಿರಕ್ಕೂ ಬರುತ್ತಿರಲಿಲ್ಲ.

"ಅಂದ್ರೆ," ಎಂದಳು ಹೆಂಡತಿ ನಿಧಾನವಾಗಿ, "ನೀವು ಇಷ್ಟು ವರ್ಷದಿಂದ ಎರಡನೇ ಮನೆ ಸಾಕ್ತಿದೀರಿ."

ಅಧ್ಯಕ್ಷೆ ಮಾಸ್ಕಿನಿಂದ ಬಾಯಿ ಮುಚ್ಚಿಕೊಳ್ಳುವ ವೃತ್ತಿಯವರು. ಇವತ್ತು ಬರಿಗೈಯಿಂದಲೇ ಮುಚ್ಚಿಕೊಂಡರು. ಭುಜ ಮಾತ್ರ ಕುಲುಕುತ್ತಿತ್ತು.

ಅವರು ಹೋದ ಮೇಲೆ ಸಂಶೋಧಕರು ಕೋಣೆಗೆ ಹೋಗಿ ಕಂಪ್ಯೂಟರನ್ನು ಆರಿಸಿದರು. ಅದರ ಫ್ಯಾನುಗಳ ಗೊರಗೊರ ನಿಂತಿತು. ಮುಂದಿನ ಕೋಣೆಯಿಂದ ಹೆಂಡತಿಯ ಹೊಲಿಗೆ ಯಂತ್ರದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಓಡಿ, ನಿಂತು, ಬಟ್ಟೆ ತಿರುಗಿಸಿಕೊಂಡು, ಮತ್ತೆ ಓಡುವ ಸದ್ದು. ಆರು ವರ್ಷ ಪಕ್ಕದಲ್ಲೇ ಇದ್ದ ಆ ಸದ್ದನ್ನು ಅವರು ಸ್ವಲ್ಪ ಹೊತ್ತು ಕೂತು ಕೇಳಿದರು. ಯೋಜನೆ ಮುಳುಗಿತು ಎಂದುಕೊಂಡರು.

ಮುಳುಗಲಿಲ್ಲ. ಹತ್ತನೆಯ ದಿನ ನಗರಸಭೆಯಿಂದ ಅತ್ತೆಯ ಹೆಸರಿಗೆ ಪತ್ರ ಬಂತು. ಯೋಜನೆಗೆ ಸರ್ವಾನುಮತದ ಒಪ್ಪಿಗೆ! ಅಷ್ಟೇ ಅಲ್ಲ, ಬೀದಿಗೊಬ್ಬರಂತೆ ಮನೆಮನೆಗೆ ಹೋಗಿ ಹೇಳಿಕೊಡುವವರಿಗೆ ಇದೇ ಮನೆಯಲ್ಲಿ ತರಬೇತಿ. ತರಬೇತಿ ಕೊಡುವವರು ಅತ್ತೆ. ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: 'ತರಬೇತಿಗೆ ತಮ್ಮ ಅಳಿಯನವರ ಉಪಸ್ಥಿತಿ ಅನಿವಾರ್ಯವೆಂದು ಸಮಿತಿಯು ಭಾವಿಸುತ್ತದೆ.'

"ಅನಿವಾರ್ಯ!" ಎಂದು ಸಂಶೋಧಕರು ಆ ಪದವನ್ನು ಮೂರು ಸಲ ಓದಿದರು. "ನೋಡಿದ್ಯಾ? ಅಡುಗೆ, ಒಗೆತ ಅತ್ತೆ ತೋರಿಸ್ಲಿ. ಸಿದ್ಧಾಂತ ಹೇಳೋಕೆ ನಾನು ಬೇಕೇ ಬೇಕು."

ಮೊದಲ ತರಬೇತಿಯ ದಿನ ಅವರು ಒಳ್ಳೆಯ ಅಂಗಿ ತೊಟ್ಟು, ನಲವತ್ತು ಪುಟದ ಟಿಪ್ಪಣಿ ಹಿಡಿದು, ಭಾಷಣಕ್ಕೆ ಮುಂಚೆ ಗಂಟಲು ಸರಿಮಾಡಿಕೊಳ್ಳಲು ಒಂದು ಲೋಟ ಟೀ ಮಾಡಿಕೊಳ್ಳೋಣವೆಂದು ಅಡುಗೆಮನೆಗೆ ಹೋದರು. ಕೆಟಲ್ಲಿಗೆ ಕುತ್ತಿಗೆಯವರೆಗೆ ನೀರು ತುಂಬಿ ಸ್ವಿಚ್ಚಿನತ್ತ ಕೈ ಚಾಚಿದರು. ತರಬೇತಿಗೆ ಬಂದ ಹುಡುಗಿಯೊಬ್ಬಳು ಹತ್ತಿರ ಬಂದು ನಿಂತಳು.

"ಸಾರ್, ತಪ್ಪು ತಿಳ್ಕೋಬೇಡಿ. ಒಂದು ಲೋಟ ಟೀಗೆ ಕೆಟಲ್ ತುಂಬಾ ನೀರು ಯಾಕೆ?"

ಸಂಶೋಧಕರು ಟಿಪ್ಪಣಿಯನ್ನು ಕೆಳಗಿಟ್ಟರು. ನೀರಿನ ಶಾಖಧಾರಣೆಯಿಂದ ಶುರುಮಾಡಿದರು. ಕೆಟಲ್ಲಿನ ಸರಾಸರಿ ಗಾತ್ರ, ಮನುಷ್ಯನ ಸರಾಸರಿ ಬಾಯಾರಿಕೆ, ಎರಡನೆಯ ಲೋಟದ ಸಂಭವನೀಯತೆ ಎಲ್ಲವನ್ನೂ ಹೇಳಿದರು. ಹುಡುಗಿ ಪ್ರತಿಯೊಂದಕ್ಕೂ "ಹೌದು ಸಾರ್, ಆದ್ರೂ..." ಎಂದಳು. ಅವರ ದನಿ ಏರಿತು. ಮೂವತ್ತೈದು ನಿಮಿಷ ವಾದ ನಡೆಯಿತು. ಕೊನೆಗೆ ಹುಡುಗಿಯೇ ಅರ್ಧಕ್ಕಿಂತ ಹೆಚ್ಚು ನೀರನ್ನು ಚೆಲ್ಲದೆ ಬೇರೆ ಪಾತ್ರೆಗೆ ಬಗ್ಗಿಸಿ, ಉಳಿದದ್ದರಲ್ಲಿ ಟೀ ಮಾಡಿ ಕೈಗಿತ್ತಳು. ಸಂಶೋಧಕರು ಗೊಣಗುತ್ತ ಕುಡಿದರು.

ಬಾಗಿಲಿನಿಂದ ಚಪ್ಪಾಳೆ ಕೇಳಿಸಿತು. ತಿರುಗಿ ನೋಡಿದರೆ ಅಧ್ಯಕ್ಷೆ, ಅತ್ತೆ, ಉಳಿದ ಹನ್ನೊಂದು ಜನ ಕೈಯಲ್ಲಿ ಹಾಳೆ ಹಿಡಿದು ಸಾಲಾಗಿ ನಿಂತಿದ್ದರು.

"ಪಾಸ್!" ಎಂದರು ಅತ್ತೆ ಹುಡುಗಿಗೆ. "ಇವರನ್ನ ಒಪ್ಪಿಸಿದ್ರೆ ಊರಲ್ಲಿ ಯಾರನ್ನ ಬೇಕಾದ್ರೂ ಒಪ್ಪಿಸಬಹುದು ಅಂತ ಹೇಳಿರ್ಲಿಲ್ವಾ? ಹೂಂ, ಮುಂದಿನವರು ಬನ್ನಿ."

"ಹಠಮಾರಿಯ ಪಾತ್ರ ಮಾಡ್ತಾರೆ ಅಂದಿದ್ರಿ, ನಿಮ್ಮ ಅಳಿಯ ಎಷ್ಟು ಸಹಜವಾಗಿ ನಟಿಸ್ತಾರಮ್ಮ!" ಎಂದು ಅಧ್ಯಕ್ಷೆ ಬೆರಗಾದರು. "ಇಂಥ ಹಠಮಾರಿ ಮನುಷ್ಯ ನಿಜವಾಗ್ಲೂ ಇದಾನೆ ಅನ್ಸಿಬಿಡ್ತು."

ಸಂಶೋಧಕರು ಅತ್ತೆಯ ಮುಖ ನೋಡಿದರು. ಅತ್ತೆ ಹೆಂಡತಿಯ ಮುಖ ನೋಡಿದರು. ಹೆಂಡತಿ ಗುಂಡುಸೂಜಿಗಳನ್ನು ಬಾಯಿಗಿಟ್ಟುಕೊಂಡಳು.

"ಅಭ್ಯಾಸ ಮೇಡಂ," ಎಂದರು ಸಂಶೋಧಕರು ಗಂಭೀರವಾಗಿ. "ಹನ್ನೊಂದು ವರ್ಷದ್ದು."

ಎರಡನೆಯವನು ಮುಂದೆ ಬಂದ. ಅವರು ಕೆಟಲ್ ತುಂಬಿಸತೊಡಗಿದರು.