ಗೋಬರ್ ಗ್ಯಾಸಿಗೆ ಅಜೀರ್ಣವಾದದ್ದು

ಅಳತೆ ನೋಡಿ ಉಣಿಸುವ ವಿದ್ಯೆ ನಮ್ಮ ಕಡೆಯವರಿಗೆ ಒಲಿದೇ ಇಲ್ಲ. ಮುಂಡಗೋಡದ ಸುತ್ತಮುತ್ತ ಯಾರ ಮನೆಗೇ ಹೋಗಿ, ನೀವು 'ಸಾಕು' ಎಂದರೆ ಬಡಿಸುವವರು ಅದನ್ನು ಊಟದ ಆರಂಭ ಎಂದೇ ತಿಳಿಯುತ್ತಾರೆ. ನಾನು ಚಿಗಳ್ಳಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದಾಗ ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರು ನಮ್ಮ ಮನೆಗೆ ಊಟಕ್ಕೆ ಬಂದರು. ನಾಲ್ಕನೆಯ ಹೋಳಿಗೆಗೆ ಹೆದರಿ ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದರು. ನಮ್ಮವ್ವ ಹೋಳಿಗೆಯನ್ನು ಅವರ ಮುಂಗೈ ಮೇಲೆಯೇ ಇಟ್ಟು ತುಪ್ಪ ಬಿಟ್ಟಳು. ಶಾಲೆಯ ಬಗ್ಗೆ ಅವರು ಬಹಳ ಒಳ್ಳೆಯ ವರದಿ ಬರೆದರು, ತೂಕಡಿಸುತ್ತ ಬರೆದಿರಬೇಕು. ಇಂಥ ಮನೆಗೆ ನಾನು ಗೋಬರ್ ಗ್ಯಾಸ್ ತಂದೆ. ತಂದದ್ದು ತಪ್ಪಲ್ಲ, 'ಇದಕ್ಕೂ ನಮ್ಮ ಹಾಗೆ ಒಂದು ಹೊಟ್ಟೆ ಉಂಟು' ಎಂದು ಮನೆಯವರಿಗೆ ಪಾಠ ಮಾಡಿದ್ದು ತಪ್ಪು.

ನಿವೃತ್ತನಾದ ಮೇಲೆ ಟಿಬೆಟನ್ ಕಾಲೊನಿಯ ಕಡೆಗೆ ವಾಕಿಂಗ್ ಹೋಗುವುದು ನನ್ನ ರೂಢಿ. ಗೋವಿನಜೋಳದ ತೆನೆ ಮುರಿದ ಮೇಲೆ ದಾರಿಯ ಎರಡೂ ಬದಿಯ ಹೊಲಗಳಲ್ಲಿ ದಂಟಿಗೆ ಬೆಂಕಿ ಇಡುತ್ತಾರೆ. ಹೇಗೂ ಸುಡುವ ದಂಟು ನಮ್ಮ ಅಡುಗೆಮನೆಯಲ್ಲಿ ಸುಡಬಾರದೇ ಎಂದು ನನ್ನ ತಲೆಗೆ ಹುಳ ಹೊಕ್ಕಿತು. ಹಿತ್ತಲಲ್ಲಿ ಗುಂಡಿ ತೋಡಿಸಿ ಗೋಬರ್ ಗ್ಯಾಸ್ ಕಟ್ಟಿಸಿದೆ. ದಿನಕ್ಕೆ ನಮ್ಮ ಎಮ್ಮೆಗಳ ಸೆಗಣಿ ಎರಡು ಬಕೆಟ್, ಸಣ್ಣಗೆ ಕೊಚ್ಚಿ ನೆನೆಸಿದ ದಂಟು ಒಂದು ಬುಟ್ಟಿ. ಇಷ್ಟೇ ಅದರ ಊಟ. ಮೊದಲ ಸಲ ನೀಲಿ ಉರಿ ಹತ್ತಿದಾಗ ಅವ್ವ ಕೈಮುಗಿದಳು. ನಾನು ಮಾತ್ರ, ಅದನ್ನೆಲ್ಲ ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನು, ಅಂಗಳದಲ್ಲಿ ಕುಣಿದುಬಿಟ್ಟೆ.

ನನ್ನ ಹೆಂಡತಿ ಗಿರಿಜಾ ಮಹಿಳಾ ಸಂಘದ ಅಧ್ಯಕ್ಷೆ. ಗುಂಡಿ ತೋಡುವಾಗ 'ನಿಮ್ಮ ರಾಡಿ ವಿದ್ಯಾ' ಎಂದು ಮೂಗು ಮುರಿದವಳು, ಉರಿ ಕಂಡ ಮೇಲೆ ನನಗಿಂತ ದೊಡ್ಡ ಭಕ್ತೆಯಾದಳು. ಹಳಿಯಾಳದ ಮತ್ತು ಜೋಯಿಡಾದ ಸಂಘದ ಹೆಂಗಸರನ್ನು, "ಬಂದು ನೋಡ್ರಿ, ಪೂರಾ ಅಡಗಿ ಇದರ ಮ್ಯಾಲೇ ಮಾಡಿ ಉಣಸ್ತೇನಿ. ಮನಸಿಗೆ ಬಂದರ ನಿಮ್ಮೂರಾಗೂ ಕಟ್ಟಸ್ರಿ" ಎಂದು ತುಂಬಿದ ಸಭೆಯಲ್ಲಿ ಕರೆದು ಬಂದಳು. ಅವರು ಬರುವುದಕ್ಕೆ ಇನ್ನು ಹತ್ತು ದಿನ ಇರುವಾಗ ನಮ್ಮ ಒಲೆ ಕೈಕೊಟ್ಟಿತು.

ಬರ್ನರು ಬುಸ್ಸೆನ್ನುತ್ತಿತ್ತು, ಕಡ್ಡಿ ಹಿಡಿದರೆ ಕಡ್ಡಿಯೇ ಆರುತ್ತಿತ್ತು. ಹಿತ್ತಲಿಗೆ ಹೋಗಿ, ಸೆಗಣಿ ಸುರಿಯುವ ಬಾಯಿಯ ಮುಚ್ಚಳ ತೆಗೆದೆ. ಮೂರು ದಿನ ಮರೆತ ದೋಸೆ ಹಿಟ್ಟಿನ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಹಳೆಯ ಪುಸ್ತಕಗಳನ್ನೆಲ್ಲ ಹರಡಿಕೊಂಡು ಕೂತೆ. ನಾನೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದ ಸಾಲುಗಳು ಕೂಡ ಅರ್ಥವಾಗಲಿಲ್ಲ. ಕೊನೆಗೆ, "ಒಲಿ ಹಿಂದ ಸಿಲಿಂಡರ್ ಮುಚ್ಚಿಟ್ಟು ಪೈಪ್ ಹಚ್ಚಿಬಿಟ್ಟರ ಆತು. ಗ್ಯಾಸ್ ಗ್ಯಾಸೇ ಅಲ್ಲೇನು?" ಎಂದೆ.

ಗಿರಿಜಾ ಸಿಟ್ಟಾಗಲಿಲ್ಲ. ಚಹಾದ ಪಾತ್ರೆ ಕೆಳಗಿಟ್ಟು, "ಅವರು ನನ್ನ ಮಾತ ನಂಬಿ ಬರಾಕತ್ತಾರ್ರೀ. ಸುಳ್ಳು ಉರಿ ತೋರಿಸಿ ಅವರ ಮನ್ಯಾಗ ಗುಂಡಿ ತೋಡಸ್ಲೇನು?" ಎಂದಳು. ಅವಳ ಕಣ್ಣು ತುಂಬಿದ್ದು ನೋಡಿ ನನಗೆ ನಾಚಿಕೆಯಾಯಿತು.

ಮರುದಿನ ಹಿಂದಿನ ಓಣಿಯ ಲೂಸಿ ಮಾವಶಿಯನ್ನು ಕರೆತಂದೆ. ಸಿದ್ದಿ ಸಮಾಜದ ಮಾವಶಿಗೆ ನಾಲ್ಕು ಎಮ್ಮೆ, ಒಂದು ಹೊಲ, ಒಂದು ಗಟ್ಟಿ ಗಂಟಲು. ಅವರ ಹಿತ್ತಲಲ್ಲಿ ಗೋಬರ್ ಗ್ಯಾಸ್ ಎಷ್ಟೋ ವರ್ಷದಿಂದ ತಕರಾರಿಲ್ಲದೆ ಉರಿಯುತ್ತಿದೆ. ಬಂದವರು ಬಗ್ಗಿ ಮೂಸಿದರು, ಕೋಲಿನಿಂದ ಕಲಕಿದರು, ಸೊಂಟದ ಮೇಲೆ ಕೈಯಿಟ್ಟು ನಮ್ಮ ಮೂವರನ್ನೂ ಸಾಲಾಗಿ ನಿಲ್ಲಿಸಿದರು.

"ಹೊಟ್ಟಿ ಕೆಟ್ಟೈತಿ ಮಾಸ್ತರ. ಯಾರ್ಯಾರು ಏನೇನ ಹಾಕೀರಿ? ಖರೆ ಹೇಳ್ರಿ."

ಮೊದಲು ಬಾಯಿಬಿಟ್ಟವಳು ಅವ್ವ. "ಬರೇ ದಂಟು ತಿಂದು ಎಷ್ಟ ದಿನಾ ಇರ್ತೈತಿ ಪಾಪ? ದಿನಾ ಒಂದೀಟ ಅನ್ನ, ಒಂದೀಟ ಗಂಜಿ ಹಾಕೀನಿ. ಅಮಾಸಿ ದಿನ ಹೋಳಿಗಿ ಹೂರಣಾನೂ ಹಾಕೀನಿ. ಎಲ್ಲಾರೂ ಉಂಡು ಅದೊಂದ ಉಪಾಸ ಇರಬೇಕೇನು?" ಗಿರಿಜಾ ತಲೆ ತಗ್ಗಿಸಿ, ಗಿರಣಿಯ ಅಡಿಯಲ್ಲಿ ಉದುರಿದ ಹಿಟ್ಟನ್ನು ಚೀಲ ತುಂಬಿ ತಂದು ಹಾಕಿದ್ದನ್ನು ಒಪ್ಪಿಕೊಂಡಳು, ಬರುವವರ ಮುಂದೆ ಉರಿ ಜೋರಾಗಿ ಕಾಣಲಿ ಎಂದು ಹಾಕಿದ್ದಂತೆ. ಮಾವಶಿ ನನ್ನತ್ತ ತಿರುಗಿದರು. ನಾನು ಕೆಮ್ಮಿದೆ. ವಾಕಿಂಗಿನಿಂದ ಬರುವಾಗ ದಿನವೂ ಇನ್ನೊಂದು ಬುಟ್ಟಿ ದಂಟು ಹೊತ್ತು ತಂದು, ಯಾರೂ ಇಲ್ಲದ್ದು ನೋಡಿ ಸುರಿಯುತ್ತಿದ್ದವನು ನಾನು. ಒಂದು ಬುಟ್ಟಿಗೆ ಇಷ್ಟು ಉರಿಯಾದರೆ ಎರಡು ಬುಟ್ಟಿಗೆ ಎಷ್ಟು ಎಂಬ ಲೆಕ್ಕ ಮೂರನೆಯ ಇಯತ್ತೆಯ ಹುಡುಗರೂ ಮಾಡುತ್ತಾರೆ. ನಾನು ಅವರಿಗಿಂತ ಮುಂದೆ ಹೋಗಿರಲಿಲ್ಲ.

"ಅದಕ್ಕ ಬಾಯಿ ಐತಿ, ಸಾಕು ಅನ್ನಾಕ ನಾಲಿಗಿ ಇಲ್ಲ. ಎಂಟ ದಿನಾ ಏನೂ ಹಾಕಬ್ಯಾಡ್ರಿ" ಎಂದರು ಮಾವಶಿ. ಒಂದಿಷ್ಟು ಸುಣ್ಣದ ತಿಳಿನೀರು ಹಾಕಿಸಿ, ತಮ್ಮ ಗುಂಡಿಯಿಂದ ನಾಲ್ಕು ಬಕೆಟ್ ರಾಡಿ ತರಿಸಿ ಸುರಿದರು. ಒಳ್ಳೆಯ ಹೆಪ್ಪು ಬಿದ್ದರೆ ಹಾಲು ತಾನೇ ಮೊಸರಾಗುತ್ತದೆ ಎಂಬುದು ಅವರ ಸಿದ್ಧಾಂತ. ನನ್ನ ಮರ್ಯಾದೆಯೂ ಸ್ವಲ್ಪ ಉಳಿಯಲಿ ಎಂದು ನಾನು "ಲಂಘನಂ ಪರಮೌಷಧಂ" ಎಂದೆ. "ಅದನ್ನ ನಾ ಈಗ ಹೇಳಿದ್ದು" ಎಂದು ಮಾವಶಿ ಹೊರಟರು.

ಆ ಎಂಟು ದಿನ ಗೋಬರ್ ಗ್ಯಾಸ್ ಹೇಗೋ ತಡೆದುಕೊಂಡಿತು, ಅವ್ವ ತಡೆದುಕೊಳ್ಳಲಿಲ್ಲ. ಹಿತ್ತಲಿಗೆ ಹೋಗಿ ಮುಚ್ಚಳದ ಬಳಿ ಕೂತು, ಜ್ವರ ಬಂದ ಮೊಮ್ಮಗನನ್ನು ನೋಡುವಂತೆ ನೋಡುತ್ತಿದ್ದಳು. ಒಮ್ಮೆ ಸೆರಗಿನಲ್ಲಿ ರೊಟ್ಟಿ ಸಿಕ್ಕಿಬಿತ್ತು. "ನನಗಂತ ತಂದೀನೋ" ಎಂದು ಹಲ್ಲಿಲ್ಲದ ಬಾಯಲ್ಲಿ ಕಟಕ್ ರೊಟ್ಟಿ ಅಗಿದು ತೋರಿಸಿದಳು. ಅವ್ವನನ್ನು ಕಾಯಲು ಗಿರಿಜಾ ನನ್ನನ್ನು ಇಟ್ಟಳು, ನನ್ನನ್ನು ಕಾಯಲು ತಾನು ಅಡುಗೆಮನೆಯ ಕಿಟಕಿ ತೆರೆದಿಟ್ಟಳು. ಏಳನೆಯ ದಿನ ರಾಡಿಯಲ್ಲಿ ಗುಳ್ಳೆ ಕಂಡಿತು. ಒಂಬತ್ತನೆಯ ದಿನ ಬೆಳಿಗ್ಗೆ ಗಿರಿಜಾ ಕಡ್ಡಿ ಗೀರಿದಳು. ನೀಲಿ ಉರಿ ಸುತ್ತಲೂ ಒಂದೇ ಸಮ ಹತ್ತಿಕೊಂಡಿತು. ಅವಳು ನಕ್ಕಳು, ಅವ್ವ ನಕ್ಕಳು, ಸತ್ಯವಾಗಿ ಹೇಳುತ್ತೇನೆ, ನನಗೆ ಅಳು ಬಂತು.

ಮರುದಿನ ಹೆಂಗಸರು ಟೆಂಪೊದಲ್ಲಿ ಬಂದಿಳಿದರು. ರೊಟ್ಟಿ, ಎಣ್ಣೆಗಾಯಿ ಬದನೆ, ಅನ್ನ, ಸಾರು, ಹೋಳಿಗೆ, ಎಲ್ಲವೂ ಆ ಉರಿಯ ಮೇಲೆಯೇ ಆಯಿತು. ಕೊನೆಯ ಹೋಳಿಗೆಯವರೆಗೂ ಉರಿ ತಗ್ಗಲಿಲ್ಲ. ಜೋಯಿಡಾದ ಒಬ್ಬಾಕೆ ಕೊಂಕಣಿಯಲ್ಲಿ ಏನೋ ಹೇಳಿ ಬರ್ನರಿಗೇ ದೃಷ್ಟಿ ತೆಗೆದಳು. "ಇದು ಕೆಡಾಂಗಿಲ್ಲೇನ್ರೀ ಅಕ್ಕಾರ?" ಎಂದು ಹಳಿಯಾಳದವಳು ಕೇಳಿದಾಗ ನಾನು ಕಣ್ಣಲ್ಲೇ ಬೇಡಿಕೊಂಡೆ. ಗಿರಿಜಾ ಅನ್ನದಿಂದ ಹಿಡಿದು ಹಿಟ್ಟು, ದಂಟಿನವರೆಗೆ ಒಂದನ್ನೂ ಬಿಡದೆ ಹೇಳಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಕೆಟ್ಟದ್ದನ್ನು ಮುಚ್ಚಿಡದೆ ಹೇಳಿದ್ದಕ್ಕೇ ಇರಬೇಕು, ಎರಡೂ ಊರಿನವರು ತಾವೂ ಕಟ್ಟಿಸುವುದೆಂದು ಅಲ್ಲೇ ನಿಶ್ಚಯಿಸಿದರು. ಠರಾವು ಬರೆಯಬೇಕಾಯಿತು. ನನ್ನ ಅಕ್ಷರ ದುಂಡಗಿದೆಯೆಂದು ಪುಸ್ತಕ ನನ್ನ ಕೈಗೆ ಬಂತು.

ಗಿರಿಜಾ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಕೊನೆಯ ಸಾಲು: "ಮನೆಯ ಗಂಡಸರು ಮುಚ್ಚಳವನ್ನು ಮುಟ್ಟತಕ್ಕದ್ದಲ್ಲ." ನಾನು ಮೆಲ್ಲಗೆ 'ಗಂಡಸರು' ಆದಮೇಲೆ 'ಕೇಳದೆ' ಎಂದು ಒಂದು ಶಬ್ದ ಸೇರಿಸಿದೆ. ಗಿರಿಜಾ ಪುಸ್ತಕ ತೆಗೆದುಕೊಂಡು ಓದಿ, ಮೂವತ್ತು ವರ್ಷ ನಾನು ಮಕ್ಕಳ ತಪ್ಪು ತಿದ್ದಿದ ಆ ಕೆಂಪು ಪೆನ್ನನ್ನೇ ಕೇಳಿ ಇಸಿದುಕೊಂಡು, ಆ ಶಬ್ದವನ್ನು ಹೊಡೆದುಹಾಕಿದಳು.