ಮುಂಚಿನ ಗಾಳಿ

ಹಳೆಯ ಗಿರಣಿ ಪ್ರದೇಶದ ಗಾಳಿ ಶುದ್ಧವಾಗಿತ್ತು. ಆದರೆ ಅದಕ್ಕೆ ಪುರಾವೆ ಇರಲಿಲ್ಲ. ಗಿರಣಿ ಓಡುತ್ತಿದ್ದ ಕಾಲದಲ್ಲಿ ಗಾಳಿ ಅಳೆಯುವ ಉಸಾಬರಿಗೆ ಯಾರೂ ಹೋಗಿರಲಿಲ್ಲ. ಗಿರಣಿ ಮುಚ್ಚಿ, ಗೋದಾಮುಗಳ ಮೇಲೆಲ್ಲ ಬಳ್ಳಿ ಹಬ್ಬಿ, 'ಹಸಿರು ಬಡಾವಣೆ' ಎಂಬ ಬೋರ್ಡೂ ನಿಂತ ಮೇಲೆ ಅನುದಾನ ಕೊಡುವವರು ಕೇಳಿದರು: ಎಷ್ಟಿದ್ದದ್ದು ಎಷ್ಟಕ್ಕೆ ಇಳಿದಿದೆ?

ಬಡಾವಣೆ ನೋಡಿಕೊಳ್ಳುತ್ತಿದ್ದ ಪರಿವರ್ತನಾ ಕಚೇರಿ ಕೂಡಲೇ ಪ್ರಕಟಣೆ ಹೊರಡಿಸಿತು. "ಗಾಳಿಯ ಸುಧಾರಣೆಯನ್ನು ಸಾಬೀತುಪಡಿಸುವ ಸಲುವಾಗಿ, ಸುಧಾರಣೆಗೆ ಮುಂಚಿನ ಗಾಳಿಯನ್ನು ಸೋಮವಾರದಿಂದ ತಯಾರಿಸಲಾಗುವುದು. ಸಾರ್ವಜನಿಕರು ಸಹಕರಿಸಬೇಕು."

ತಯಾರಿಕೆಗೆ ಗಿರಣಿಯ ಹಳೆಯ ಬಾಯ್ಲರ್ ಮೇಸ್ತ್ರಿಯೇ ಬೇಕಾಯಿತು. ಮನೆಯಲ್ಲಿ ಕೂತು ಕೂತು ತುಕ್ಕು ಹಿಡಿದಿದ್ದ ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಹೆದರಿದ್ದು ಹೆಂಡತಿ ಮಾತ್ರ. ಆಕೆ ನೆಟ್ಟಗೆ ಉಸಿರಾಡಲು ಶುರುಮಾಡಿದ್ದೇ ಗಿರಣಿ ಮುಚ್ಚಿದ ಮೇಲೆ.

"ಬೇಡ ಕಣ್ರೀ. ಮತ್ತೆ ಆ ಕೆಮ್ಮು ಹತ್ಕೊಂಡ್ರೆ ನಾನು ಉಳಿಯಲ್ಲ."

"ಇದು ಪರಿಸರದ ಕೆಲಸ ಕಣೇ," ಎಂದು ಮೇಸ್ತ್ರಿ ಚಪ್ಪಲಿ ಮೆಟ್ಟಿಕೊಂಡರು.

ಬಾಯ್ಲರಿಗೆ ಬೆಂಕಿ ಹಾಕಿದ್ದಾಯಿತು. ಗಾಳಿ ನಿರೀಕ್ಷೆಯಷ್ಟು ಕೆಡಲಿಲ್ಲ. ಕಚೇರಿಯ ನಿರ್ದೇಶಕರು ಗಾಳಿಯ ಮೀಟರ್ ನೋಡಿ ಮುಖ ಹುಳ್ಳಗೆ ಮಾಡಿದರು.

"ಇಷ್ಟೇ ಇಷ್ಟು ಹೊಗೆಗೆ ಯಾರ್ರೀ ಅನುದಾನ ಕೊಡ್ತಾರೆ?"

"ಬಳ್ಳಿಗಳು ಹೀರ್ಕೊಳ್ತಾ ಇವೆ ಸಾರ್," ಎಂದರು ಮೇಸ್ತ್ರಿ.

ಹಸಿರು ಬಡಾವಣೆಯ ಹಿತದೃಷ್ಟಿಯಿಂದ ಬಳ್ಳಿಗಳನ್ನು ಬುಡಸಮೇತ ಕೀಳಿಸಲಾಯಿತು. ಒಲೆಗೆ ಹಳೇ ಟೈರುಗಳೂ ಬಿದ್ದವು. ಮೀಟರಿನ ಮುಳ್ಳು ಕೊನೆ ಮುಟ್ಟಿದಾಗ ಸಿಬ್ಬಂದಿ ಪರಸ್ಪರ ಕೈಕುಲುಕಿದರು. ಅದೇ ಸಂಜೆ ಮೇಸ್ತ್ರಿಯ ಮನೆಯಲ್ಲಿ ಕೆಮ್ಮು ಶುರುವಾಯಿತು.

ಹೊಗೆ ನಿಲ್ಲಿಸಿದರು, ಗಾಳಿ ಸುಧಾರಿಸಿತು, ಅನುದಾನ ಬಂತು. ಕೆಮ್ಮು ಹೋಗಲಿಲ್ಲ. ತಪಾಸಣೆಯವರು ಬರುವ ಮುನ್ನ ನಿರ್ದೇಶಕರು ಖುದ್ದಾಗಿ ಮೇಸ್ತ್ರಿಯ ಮನೆಗೆ ಬಂದರು.

"ಅಮ್ಮಾ, ದಾಖಲೆ ಪ್ರಕಾರ ಗಾಳಿ ಚೆನ್ನಾಗಿದೆ. ನೀವು ಹೀಗೆ ಕೆಮ್ಮಿದ್ರೆ ಹೇಗೆ?"

"ತಡ್ಕೊಳ್ಳೋಕಾಗಲ್ಲ ಸಾರ್."

"ಕೆಮ್ಮಬೇಡಿ ಅಂತ ಯಾರು ಹೇಳಿದ್ರು? ಬಡಾವಣೆ ಗಡಿ ದಾಟಿ ಕೆಮ್ಮಿ."

ಮೇಸ್ತ್ರಿ ಹೆಂಡತಿಯ ಚಪ್ಪಲಿ ತಂದು ಮುಂದಿಟ್ಟರು. ಅನುದಾನ ಮುಂದುವರಿಯಬೇಕಾದರೆ ಗಾಳಿ ವರ್ಷವರ್ಷವೂ ಸುಧಾರಿಸಬೇಕಿತ್ತು. ಅದಕ್ಕಾಗಿ ವರ್ಷವರ್ಷವೂ ಕೆಡಿಸಲು ಮೇಸ್ತ್ರಿಯನ್ನೇ 'ಪರಿಸರ ಸಂರಕ್ಷಕ' ಹುದ್ದೆಯಲ್ಲಿ ಕಾಯಂ ಮಾಡಿದ್ದರು.

ಈಗ ಮೇಸ್ತ್ರಿ ದಿನಾ ಬೆಳಿಗ್ಗೆ ಹೆಂಡತಿಯ ಕೈಹಿಡಿದು ಗಡಿಯಾಚೆ ಕರೆದೊಯ್ಯುತ್ತಾರೆ. ನೆರೆಹೊರೆಯವರೂ ಅಲ್ಲಿಗೇ ಬಂದಿರುತ್ತಾರೆ. ಕಚೇರಿಯವರು ಬೆಂಚು ಹಾಕಿಸಿಕೊಟ್ಟಿದ್ದಾರೆ. ಆಚೆ ಬಡಾವಣೆಯವರು ತಕರಾರು ಮಾಡುವುದಿರಲಿ, ಕುಡಿಯಲು ನೀರಿಟ್ಟು ಉಪಚರಿಸುತ್ತಾರೆ. ಅವರದೂ ಅನುದಾನಕ್ಕೆ ಅರ್ಜಿ ಹೋಗಿದೆ; ಅವರಿಗೂ ಮುಂಚಿನ ಗಾಳಿ ಬೇಕಾಗಿದೆ.

"ಇನ್ನೊಂಚೂರು ಜೋರಾಗಿ ಕೆಮ್ಮಿ ಅಕ್ಕಾ," ಎಂದರು ಅವರ ಅಧ್ಯಕ್ಷರು, ಒಂದು ಕೈಯಲ್ಲಿ ಮೀಟರ್ ಹಿಡಿದು, ಇನ್ನೊಂದರಲ್ಲಿ ಲೋಟ ಚಾಚುತ್ತ.

ಆಕೆ ಒಂದು ಗುಟುಕು ಕುಡಿದು, ಗಂಟಲು ಸರಿಮಾಡಿಕೊಂಡು, "ಮೀಟರ್ ಹತ್ರ ತನ್ನಿ," ಎಂದರು.